ಮೈತ್ರಿಯ ಎಡಗೆನ್ನೆ

ಶಹಾಬಾದ
ರವಿವಾರ, 9-2-2025

ಮಗಳು ಚಂದ್ರಕಲಾಳಿಗೆ ನಿಮ್ಮಪ್ಪ ವಿಠೋಬಾನ ಜೈಭೀಮ್.

ನೀನು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೆ ಕಾಗದ. ನಾಲ್ಕನೇತ್ತೆಗೆ ಸಾಲೆ ಬಿಟ್ಟವನು ನಾನು, ಅಕ್ಷರ ಸೊಟ್ಟ ಇದ್ದರೆ ಇರಲಿ. ಹಾಳೆ ಮೊಮ್ಮಗಳು ಮೈತ್ರಿಯದು. ನೀನು ಆಕೆಯನ್ನು ಎತ್ತಿಕೊಂಡು ಐನಾಪುರದ ಬಸ್ಸು ಹತ್ತಿದ ದಿನ, ಅವಸರದಲ್ಲಿ ಇಲ್ಲೇ ಉಳಿದ ಎರಡು ಗೆರೆಯ ಕಾಪಿಯಿಂದ ಹರಿದದ್ದು.

ಕಪಿಲನ ಮದುವೆಗೆ ಬರುವುದಿಲ್ಲ ಅಂದೆಯಂತೆ. ತಮ್ಮನ ಮದುವೆಗೆ ಅಕ್ಕ ಬರದಿದ್ದರೆ ಮಂದಿ ಏನಂದಾರು ಅಂತ ಬರೆಯಲು ಕುಳಿತಿಲ್ಲ. ಮಂದಿ ಏನಂದಾರು ಅಂತ ಅಂಜಿಯೇ ಈ ಗತಿಗೆ ಬಂದವನು ನಾನು. ಕಪಿಲ ಇನ್ನೊಂದು ಮಾತು ಹೇಳಿದ. ಕಲ್ಲಿನಿಂದ ಗಲ್ಲ ಉಜ್ಜಿಕೋ ಅಂತ ಯಾರು ಹೇಳಿಕೊಟ್ಟರು ಅಂತ ನೀನು ಎರಡು ತಿಂಗಳಿಂದ ಮೈತ್ರಿಯನ್ನು ಕೇಳುತ್ತಿದ್ದೀಯಂತೆ. ಆಕೆ ಬಾಯಿ ಬಿಡುವುದಿಲ್ಲವಂತೆ. ಮೊನ್ನೆ ಸಿಟ್ಟಿಗೆದ್ದು ಎರಡು ಬಡಿದೆಯಂತೆ. ಆರು ವರ್ಷದ ಕೂಸಿಗೆ! ಬಡಿಯುವ ಚಟ ನಿನಗೆ ನನ್ನಿಂದ ಬಂದದ್ದು, ನಾನು ಏನನ್ನಲಿ. ಆದರೆ ಇನ್ನು ಮೇಲೆ ಕೇಳಬೇಡ. ಬಡಿಯಬೇಡ. ಇಷ್ಟಕ್ಕೇ ಈ ಕಾಗದ.

ಯಾರೂ ಹೇಳಿರಲಿಕ್ಕಿಲ್ಲ. ಖಣಿಯಿಂದ ಬಂದ ಫರ್ಶಿ ಕಲ್ಲಿನ ಮೇಲಿನ ಡಾಗು, ಕಲೆ ಎಲ್ಲ ನಾನು ನೀರು ಹಾಕಿ ಉಜ್ಜಿ ತೆಗೆಯುವುದನ್ನು ನಮ್ಮಲ್ಲಿದ್ದ ಎರಡು ವರ್ಷ ದಿನಾ ನೋಡಿದ ಕೂಸು. ಡಬ್ಬಿಯಿಂದ ನೀರು ಚಿಮುಕಿಸುವವಳು ಆಕೆಯೇ. ನೋಡಿ ನೋಡಿ ತಾನೇ ಮಾಡಿಕೊಂಡಿರಬೇಕು.

ಅವತ್ತು ನೀನು ಐನಾಪುರದ ಕೆಲಸದಲ್ಲಿದ್ದೆ, ಇಲ್ಲಿರಲಿಲ್ಲ. ನಿಮ್ಮವ್ವ ನಿನಗೆ ಅರ್ಧ ಹೇಳಿದ್ದಾಳೆ, ಕಪಿಲ ಕಾಲು ಹೇಳಿದ್ದಾನೆ. ಉಳಿದದ್ದು ನಾನು ಹೇಳುತ್ತೇನೆ.

ವಾಡಿ ಊರಿನ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಕಪಿಲನಿಗೆ ಮೂವತ್ತೆರಡು ದಾಟಿದೆ, ಅದಕ್ಕೂ ಮೊದಲು ಮೂರು ಕಡೆ ಮುರಿದುಬಿದ್ದಿತ್ತು. ಮೈತ್ರಿ ಬೆಳಗ್ಗೆಯಿಂದಲೇ ಹಳದಿ ಫ್ರಾಕು ಹಾಕಿಕೊಂಡು ಸಕ್ಕರೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಂದವರ ಕೈಗೆ ತಾನೇ ಸಕ್ಕರೆ ಹಾಕುವುದು ಅಂತ ಹಟ. ಬಿಸಿಲು ನೆಟ್ಟಗೆ ಆಕೆಯ ಎಡಗೆನ್ನೆಯ ಮೇಲೆ ಬಿದ್ದಿತ್ತು. ಕಿವಿಯ ಹತ್ತಿರ ಬ್ಯಾಳಿ ಕಾಳಿನಷ್ಟು ಇದ್ದ ಬಿಳುಪು ಆಗಲೇ ತುಟಿಯ ತನಕ ಇಳಿದಿತ್ತು. ಅದು ಅಂಟುಜಾಡ್ಯ ಅಲ್ಲ ಅಂತ ಕಲಬುರಗಿ ಡಾಕ್ಟರು ನನ್ನೆದುರೇ ಹೇಳಿದ್ದರು. ನನಗೆ ಗೊತ್ತಿತ್ತು. ಆದರೂ ತೊನ್ನಿನ ಮನೆತನ ಅಂದು ಎದ್ದು ಹೋದರೆ ಅಂತ ಅಂಜಿದೆ. ತಟ್ಟೆ ಕಸಿದುಕೊಂಡೆ. ಕೈ ಹಿಡಿದು, ನಾನು ಫರ್ಶಿ ಉಜ್ಜುವ ಹಿತ್ತಲಿನ ತಗಡಿನ ಶೆಡ್ಡಿಗೆ ಒಯ್ದೆ. ನಿಮ್ಮವ್ವ ಹಿಂದೆ ಬಂದು, "ಕೂಸಿನ ಮಾರಿ ನೋಡಿ ಓಡಿ ಹೋಗೋ ಬೀಗರು ನಮಗ್ಯಾಕ ಬೇಕ್ರಿ?" ಅಂದಳು. ಬಾಯಿ ಮುಚ್ಚು ಅಂದೆ. ಹೊರಗಿನಿಂದ ಚಿಲಕ ಹಾಕಿದೆ.

ಬೀಗರು ಬಂದರು, ಕುಂತರು, ಚಹಾ ಆಯಿತು. ಹುಡುಗಿಯ ಕಾಕಾ ಬಾಗಿಲಲ್ಲಿದ್ದ ಸಣ್ಣ ಚಪ್ಪಲಿ ನೋಡಿ, "ಮನ್ಯಾಗ ಸಣ್ಣವರು ಯಾರದಾರ್ರಿ?" ಅಂದರು. ಬಾಜು ಮನೆ ಹುಡುಗಿಯದು ಅಂದೆ. ನನ್ನ ಬಾಯಿಂದಲೇ ಅಂದೆ ಚಂದ್ರಾ.

ಹಿಂದಿನಿಂದ ಉಜ್ಜುವ ಸಪ್ಪಳ ಬರುತ್ತಿತ್ತು. ನಲವತ್ತು ವರ್ಷ ಕೇಳಿದ ಸಪ್ಪಳ ಅದು, ನನಗೆ ಗುರುತು ಹತ್ತದೇನು? ಕೂಸು ಆಡಲಿಕತ್ತಾಳ, ಅಳುತ್ತಿಲ್ಲವಲ್ಲ, ಅಷ್ಟೇ ಸಾಕು ಅಂದುಕೊಂಡೆ. ಇನ್ನೊಂದು ಕಪ್ಪು ಚಹಾ ತಗೊಳ್ರಿ ಅಂತ ಬೀಗರಿಗೆ ಹೇಳಿದೆ.

ಬಾಜು ಮನೆಯ ಖುರ್ಷಿದಬೇಗಂ ಮೊದಲು ನೋಡಿದಳು. ರವಿವಾರ ದಿನ ಯಾರು ಉಜ್ಜಲಿಕತ್ತಾರ ಅಂತ ಗೋಡೆ ಮೇಲಿಂದ ಇಣುಕಿ, ತಗಡಿನ ಸಂದಿಯಲ್ಲಿ ಕೂಸನ್ನು ಕಂಡಾಕೆ, ಚೀರಿಕೊಂಡು ಬಂದು ಚಿಲಕ ತೆಗೆದಳು. ಹಳದಿ ಫ್ರಾಕು ಕೊರಳಿನಿಂದ ಕೆಳಗೆ ಕೆಂಪಾಗಿತ್ತು. ಕೈಯಲ್ಲಿ ನನ್ನ ಉಜ್ಜುವ ಕಲ್ಲು, ಎಲ್ಲಕ್ಕಿಂತ ಒರಟಿನದು. ಪಕ್ಕದಲ್ಲಿ ನೀರಿನ ಡಬ್ಬಿ. ನಾನು ಹೇಗೆ ಉಜ್ಜುತ್ತೇನೋ ಹಾಗೆಯೇ ನೀರು ಹಾಕಿಕೊಂಡು ಉಜ್ಜಿದ್ದಳು. ಬೀಗರ ಎದುರೇ ಖುರ್ಷಿದಬೇಗಂ, "ವಿಠೋಬಣ್ಣಾ, ಕೂಸಿನ ಚಮಡಾನೂ ಫರ್ಶಿ ಅಂತ ತಿಳಿದೀರೇನು? ಮಾಲ್ ಇಟ್ಟಂಗ ಚಿಲಕ ಹಾಕಿ ಇಟ್ಟೀರಲ್ಲ!" ಅಂದಳು.

ಯಾರ ಕಣ್ಣಿಗೆ ಬೀಳಬಾರದು ಅಂತ ಮುಚ್ಚಿಟ್ಟಿದ್ದೆನೋ, ಕಪಿಲನಿಗೆ ನೋಡಿದ ಆ ಹುಡುಗಿಯ ತಾಯಿಯೇ ಮೈತ್ರಿಯನ್ನು ಎತ್ತಿ ಸೆರಗು ಸುತ್ತಿ ನನ್ನ ಕೈಗೆ ಕೊಟ್ಟು ತಾನೂ ಆಟೋ ಹತ್ತಿದಳು. ಬಿಳುಪಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಸಂಬಂಧ ಮುರಿಯಲಿಲ್ಲ. ಮುರಿದಿದ್ದರೆ ನನಗೆ ಹಗುರ ಅನ್ನಿಸುತ್ತಿತ್ತೇನೋ. ಚರ್ಮ ಕಿತ್ತ ಜಾಗದಲ್ಲಿ ಬಿಳುಪು ಇನ್ನೂ ಹಬ್ಬಬಹುದು ಅಂತ ಆಸ್ಪತ್ರೆಯಲ್ಲಿ ಹೇಳಿದರು. ಹಬ್ಬಿದೆಯೇನು? ಕಪಿಲನನ್ನು ಕೇಳಲು ಧೈರ್ಯ ಬರಲಿಲ್ಲ.

ದಿನಾ ಬೆಳಗ್ಗೆ ನೀನು ಆಕೆಯನ್ನು ಕನ್ನಡಿ ಮುಂದೆ ಕೂಡಿಸಿ, ನಿನ್ನಲ್ಲಿ ನಿನಗೆ ಏನೇನು ಚಂದ ಕಾಣುತ್ತದೆ ಹೇಳು ಅನ್ನುತ್ತೀಯಂತೆ. ಕೂದಲು ಅನ್ನುತ್ತಾಳಂತೆ, ಹಲ್ಲು, ಕೈಬೆರಳು ಅನ್ನುತ್ತಾಳಂತೆ, ಗಲ್ಲದ ಹೆಸರು ಎತ್ತುವುದಿಲ್ಲವಂತೆ. ಮೊದಲು ಕೇಳಿದಾಗ ಇದೆಲ್ಲ ಟಿ.ವಿ. ಮಂದಿಯ ಹುಚ್ಚಾಟ ಅಂತ ಬೈದೆ. ಆಮೇಲೆ ಈ ಕಾಪಿ ತೆರೆದೆ. ಸಾಲೆಯಲ್ಲಿ 'ನಾನು' ಅಂತ ಚಿತ್ರ ಬರೆಸಿದ್ದಾರೆ. ಮೈತ್ರಿ ತನ್ನನ್ನು ಬೆನ್ನ ಕಡೆಯಿಂದ ಬರೆದಿದ್ದಾಳೆ. ಎರಡು ಜಡೆ, ಕೆಂಪು ರಿಬ್ಬನ್ನು, ಫ್ರಾಕಿನ ಹಿಂದಿನ ಗುಂಡಿ. ಮಾರಿ ಇಲ್ಲ. ಟೀಚರು ಗುಡ್ ಅಂತ ಬರೆದಿದ್ದಾರೆ. ಆ ಹಾಳೆ ಹರಿದಿಲ್ಲ, ಇಟ್ಟುಕೊಂಡಿದ್ದೇನೆ.

ಫರ್ಶಿಯಲ್ಲೂ ಬಿಳಿ ಗೆರೆ ಇರುತ್ತದೆ, ಅದೂ ಚಂದ ಅಂತ ಬರೆದು ಕಳಿಸೋಣ ಅಂದುಕೊಂಡಿದ್ದೆ. ಸುಳ್ಳು. ಅಂಥ ಕಲ್ಲನ್ನು ನಾನೇ ಎತ್ತಿ ಒಡೆದು ಖಡಿ ಮಾಡಲು ಒಗೆಯುತ್ತೇನೆ, ಆಕೆ ನೋಡಿದ್ದಾಳೆ. ಕಲ್ಲಿನ ಮಾತು ಬೇಡ.

ಖರೇ ಇರುವ ಒಂದು ಮಾತು ಹೇಳುತ್ತೇನೆ. ಫರ್ಶಿಯನ್ನು ಬೆರಳಿನಿಂದ ಬಡಿದು, ಒಳಗೆ ಸೀಳಿದೆಯೋ ಇಲ್ಲವೋ ಸಪ್ಪಳದಲ್ಲೇ ಹೇಳುತ್ತಾಳೆ ಆಕೆ. "ಮುತ್ಯಾ, ಇದು ಕೆಮ್ಮಲಿಕತ್ತದ" ಅನ್ನುತ್ತಿದ್ದಳು. ಒಂದೂ ತಪ್ಪಿದ್ದಿಲ್ಲ. ನನಗೆ ಆ ಕಿವಿ ಬರಲು ಹತ್ತು ವರ್ಷ ಬೇಕಾಯಿತು, ಕಪಿಲನಿಗೆ ಇನ್ನೂ ಬಂದಿಲ್ಲ. ಅದನ್ನು ಆಕೆಗೆ ಒಂದು ದಿನವೂ ಹೇಳಲಿಲ್ಲ. ಸುಮ್ಮ ಕೂಡು, ಗದ್ದಲ ಹಾಕಬ್ಯಾಡ ಅನ್ನುತ್ತಿದ್ದೆ. ಕನ್ನಡಿ ಮುಂದೆ ಕೂತಾಗ ಇದನ್ನೂ ಹೇಳು. ನಿನ್ನಂಥ ಕಿವಿ ಇಡೀ ಮನೆತನದಲ್ಲಿ ಯಾರಿಗೂ ಇಲ್ಲ ಅಂತ ಮುತ್ಯಾ ಬರೆದಿದ್ದಾನೆ ಅನ್ನು.

ಮದುವೆಗೆ ಬಂದರೆ ಆಕೆ ಹಂದರದಲ್ಲಿ ಎಲ್ಲರ ಮುಂದೆ ಕೂಡಲಿ, ಸಕ್ಕರೆ ತಟ್ಟೆ ಹಿಡಿಯಲಿ. ನನ್ನನ್ನು ಕಂಡರೆ ಅಂಜುತ್ತಾಳೆ ಅಂದರೆ ನಾನು ಶೆಡ್ಡಿನಲ್ಲಿ ಕೂಡುತ್ತೇನೆ. ನೀನೇ ಚಿಲಕ ಹಾಕು. ಬರದಿದ್ದರೂ ನಿನ್ನ ಮೇಲೆ ಸಿಟ್ಟಿಲ್ಲ.

ನಿಮ್ಮಪ್ಪ
ವಿಠೋಬಾ

ತಾ.ಕ.: ಕಾಗದಕ್ಕೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಯಾರೂ ಹೇಳಿರಲಿಕ್ಕಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಚಿಲಕ ಹಾಕುವಾಗ ಆಕೆ, "ಮುತ್ಯಾ, ಫರ್ಶಿ ಡಾಗ ಹೋಗ್ತದಲ್ಲ, ನಂದೂ ಉಜ್ಜಿದ್ರ ಹೋಗ್ತದೇನು?" ಅಂತ ಕೇಳಿದಳು. ಬೀಗರ ಜೀಪಿನ ಹಾರ್ನ್ ಕೇಳಿಸಿತ್ತು. "ಹ್ಞೂಂ, ಹೋಗ್ತದ. ಉಜ್ಕೋತ ಕೂಡು, ಹೋದ ಮ್ಯಾಲ ಹೊರಗ ಬರುವಂತಿ" ಅಂದೆ. ಬಾಯಿ ಮುಚ್ಚಿಸಲು ಅಂದ ಮಾತು ಅದು. ಆಕೆ ನಂಬಿದಳು. ಮರುದಿನ ನೀನು ಬಂದು ಯಾರು ಹೇಳಿದರು ಅಂತ ಕೇಳಿದಾಗ ನಾನು ಮಂಚದ ಹತ್ತಿರವೇ ನಿಂತಿದ್ದೆ. ಆಕೆ ನನ್ನ ಮಾರಿ ನೋಡಿ, ತಾನೇ ಮಾಡಿಕೊಂಡೆ ಅಂದಳು. ನಾನು ತಲೆ ತಗ್ಗಿಸಿದೆ.

ಆಟೋದಲ್ಲಿ ಆಕೆ ಅಳಲಿಲ್ಲ. ನನ್ನ ಕಿವಿಯಲ್ಲಿ ಮೆಲ್ಲಗೆ, "ಮುತ್ಯಾ, ಭಾಳ ಉರೀತು, ಅದಕ್ಕ ಅರ್ಧಕ್ಕ ಬಿಟ್ಟೆ. ಸಿಟ್ಟಾಗಬ್ಯಾಡ" ಅಂದಳು. ಇನ್ನು ಮುಂದಿನ ಮಾತಿಷ್ಟನ್ನು ಆಕೆಗೆ ಓದಿ ಹೇಳು ಚಂದ್ರಾ. ಉಳಿದದ್ದನ್ನು ಓದದಿದ್ದರೂ ನಡೆಯುತ್ತದೆ. ಮುತ್ಯಾ ಸುಳ್ಳು ಹೇಳಿದ್ದ, ಅದು ಉಜ್ಜಿ ತೆಗೆಯುವಂಥದ್ದೇ ಅಲ್ಲ, ನೀನು ಯಾವುದನ್ನೂ ಅರ್ಧಕ್ಕೆ ಬಿಟ್ಟಿಲ್ಲ ಅನ್ನು. ಅದಕ್ಕಿಂತ ಮೊದಲು, ಮುತ್ಯಾನಿಗೆ ಸಿಟ್ಟಿಲ್ಲ ಅನ್ನು.