ಗಾಳಿಯಂತ್ರದ ನೆರಳಿಗೆ ಹೋದ ಅರ್ಧ ಮೀಸೆ

ಇಂಧನ ಇಲಾಖೆಯ ಮಾನ್ಯ ಅಧಿಕಾರಿಗಳೇ,

ತಮ್ಮ ಗಾಳಿಯಂತ್ರ ನನ್ನ ಮಾವನವರ ಅರ್ಧ ಮೀಸೆಯನ್ನು ನುಂಗಿದೆ. ನಾನು ಕ್ಷೌರಿಕ. ಊರವರೆಲ್ಲ ಸೇರಿ ಗುಡ್ಡದ ಮೇಲೆ ಇಲಾಖೆಯ ಯಂತ್ರ ನಿಲ್ಲಿಸೋಣವೆಂದಾಗ ಮೊದಲು ಕೈ ಎತ್ತಿದವನೂ ನಾನೇ. ಅದರ ಕರೆಂಟಿನಲ್ಲೇ ನನ್ನ ಅಂಗಡಿಯ ದೀಪ ಉರಿಯುತ್ತದೆ, ಆ ಉಪಕಾರ ಮರೆತಿಲ್ಲ. ಆದರೆ ಸಂಜೆ ಸೂರ್ಯ ಯಂತ್ರದ ಬೆನ್ನಿಗೆ ಇಳಿದನೆಂದರೆ ರೆಕ್ಕೆಗಳ ನೆರಳು ಬಾಗಿಲಿನಿಂದ ಒಳಬಂದು ಗಿರಾಕಿಯ ಮುಖ ಸವರಿಕೊಂಡು ಹೋಗುತ್ತದೆ. ಬೆಳಕು, ಕತ್ತಲೆ, ಬೆಳಕು, ಕತ್ತಲೆ. ಜನ ಕೆಲಸ ಮುಗಿಸಿ ಗಡ್ಡಕ್ಕೆ ಕೂರುವುದೂ ಅದೇ ಹೊತ್ತಿಗೆ. ಬೇರೆ ದಾರಿ ಕಾಣದೆ, ನೆರಳು ಬಂದಾಗ ಕತ್ತಿ ಎತ್ತಿ ಬೆಳಕು ಬಂದಾಗ ಎಳೆಯುವುದನ್ನು ರೂಢಿಸಿಕೊಂಡೆ. ಮಾವನವರ ಮೀಸೆ ತಿದ್ದುತ್ತಿದ್ದ ದಿನ ಗಾಳಿ ಇದ್ದಕ್ಕಿದ್ದಂತೆ ಜೋರಾಯಿತು. ಅದರ ಹಿಂದೆ ನೆರಳು, ನೆರಳಿನ ಹಿಂದೆ ನನ್ನ ಕೈಯೂ ಜೋರಾಯಿತು. "ಅಳಿಯಂದ್ರೇ, ಯಾಕೋ ಈ ಕಡೆ ತಣ್ಣಗಾಗ್ತಿದೆ" ಎಂದರು, ಪಾಪ. ಅಂದಿನಿಂದ ಮನೆಯಾಕೆ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ದೂರು ಕೊಟ್ಟೆ. ತಾವು ಬಂದಿರಿ, ಇಲ್ಲವೆನ್ನುವುದಿಲ್ಲ. ಬಂದದ್ದು ಮಟಮಟ ಮಧ್ಯಾಹ್ನ. ನೆರಳು ಹುಡುಕಲು ಸೂರ್ಯ ನೆತ್ತಿಯ ಮೇಲಿರುವ ಹೊತ್ತನ್ನೇ ಆರಿಸಿಕೊಂಡ ತಮ್ಮ ಜಾಣ್ಮೆಗೆ ಏನೆನ್ನಲಿ? ನನ್ನ ಕುರ್ಚಿಯಲ್ಲೇ ಕೂತು ನುಣ್ಣಗೆ ಗಡ್ಡ ಮಾಡಿಸಿಕೊಂಡು, ಮೀಸೆಗೂ ಒಂದು ಅಂದ ಕೊಡಿಸಿಕೊಂಡು, "ಎಲ್ಲಿದೇರೀ ತೊಂದರೆ? ಬೇಕಾದ್ರೆ ಒಂದು ಪರದೆ ಹಾಕ್ಕೊಳ್ಳಿ" ಎಂದಿರಿ. ಹಾಕಿದೆ. ಅಂಗಡಿ ಮುಚ್ಚಿದೆ ಎಂದುಕೊಂಡು ಅರ್ಧ ಜನ ಹಿಂದಿರುಗಿದರು. ಉಳಿದವರು ಒಳಗೇನು ನಡೆಯುತ್ತಿದೆ ಎಂದು ಪರದೆ ಸರಿಸಿ ಇಣುಕಿದರು, ನೆರಳೂ ಅವರ ಜೊತೆಗೇ ಇಣುಕಿತು. ಈಗ ಸಂಜೆಯ ಗಿರಾಕಿಗಳೆಲ್ಲ ಕೆಳಬೀದಿಯ ಅಂಗಡಿ ಹಿಡಿದಿದ್ದಾರೆ. ನನಗೆ ತಲೆಸುತ್ತು ಅಂಟಿಕೊಂಡಿದೆ. "ಸಂಜೆ ಹೊತ್ತು ಆರಾಮಾಗಿ ಕೂತ್ಕೊಳ್ಳಿ" ಎಂದರು ಡಾಕ್ಟರು. ಕೂತೇ ಇದ್ದೇನೆ, ಬೇರೆ ಕೆಲಸ ಉಳಿದಿದ್ದರೆ ತಾನೆ? ನಗುತ್ತ ಬರೆಯುತ್ತಿದ್ದೇನೆ ನಿಜ, ಆದರೆ ಒಳಗೆ ಭಯವಾಗಿದೆ. ತಲೆ ಸುತ್ತುವ ಕ್ಷೌರಿಕನ ಮುಂದೆ ಕತ್ತು ಚಾಚುವವರು ಯಾರು?

ಯಂತ್ರ ಕಿತ್ತುಹಾಕಿ ಎಂದು ಕೇಳುತ್ತಿಲ್ಲ. ನೆರಳು ನನ್ನ ಬಾಗಿಲು ದಾಟಿ ಆಚೆ ಹೋಗುವವರೆಗೆ, ಸಂಜೆ ಸ್ವಲ್ಪ ಹೊತ್ತು ನಿಲ್ಲಿಸಿ. ಅದಕ್ಕೊಂದು ಗುಂಡಿ ಇದೆ. ಯಂತ್ರ ನೋಡಿಕೊಳ್ಳುವವರೇ ಹೇಳಿದರು, "ಸಾಹೇಬ್ರು ಒಂದು ಮಾತು ಹೇಳ್ಲಿ, ಈಗ್ಲೇ ಒತ್ತುತೀನಿ." ಆ ಒಂದು ಮಾತಿಗೆ ಮುನ್ನ ಮತ್ತೊಮ್ಮೆ ಪರಿಶೀಲನೆ ಆಗಲೇಬೇಕೆಂದರೆ ದಯಮಾಡಿ ಸಂಜೆ ಬನ್ನಿ, ಗಾಳಿ ಇರುವ ದಿನ ಬನ್ನಿ, ಅದೇ ಕುರ್ಚಿಯಲ್ಲಿ ಕೂತು ಮುಖ ಕೊಡಿ. ಮೀಸೆಯ ಹೊಣೆ ಮಾತ್ರ ಇಲಾಖೆಯದು.

ಇಂತಿ,
ಮನೆಯಲ್ಲಿ ಮಾತಿಲ್ಲದೆ, ಅಂಗಡಿಯಲ್ಲಿ ಗಿರಾಕಿಯಿಲ್ಲದೆ,
ಕತ್ತಿ ಹಿಡಿದು ತಮ್ಮ ದಾರಿ ಕಾಯುತ್ತಿರುವ ಕ್ಷೌರಿಕ