ಅಪ್ಪ ಬಿಗಿದ ಮುಚ್ಚಳ

ಸಫಿ, ಮೊರಾಕೊ

ಮಗಳೇ ಗಿಜ್ಲಾನ್,

ಸಮಸ್ತ ಬಂಧುಬಳಗಕ್ಕೆ ಈ ಮೂಲಕ ಘೋಷಿಸುವುದೇನೆಂದರೆ, ನಮ್ಮ ಮನೆಯ ಉಪ್ಪುನಿಂಬೆ ಜಾಡಿಯ ಮುಚ್ಚಳವನ್ನು ಇನ್ನು ಯಾರೂ ತೆರೆಯತಕ್ಕದ್ದಲ್ಲ.

ರಕ್ತದೊತ್ತಡ ಇಳಿಯಲೆಂದು ಡಾಕ್ಟರು ಕೊಟ್ಟ ಸ್ಪ್ರಿಂಗ್ ಹಿಡಿಯನ್ನು ನಿಮ್ಮಪ್ಪ ದಿನವೂ ಅದುಮಿ ಹಿಡಿದು ಕೂರುತ್ತಿದ್ದರಲ್ಲ, ಆ ಪೌರುಷವೆಲ್ಲ ಕೊನೆಗೆ ನನ್ನ ಜಾಡಿಗಳ ಮುಚ್ಚಳ ಬಿಗಿಯುವುದರಲ್ಲಿ. "ನಿಮ್ ಬಿಪಿ ಇಳಿಯುತ್ತೋ ಇಲ್ವೋ, ನಂದಂತೂ ಏರ್ತಿದೆ!" ಎಂದು ನಾನು ಬೈದರೆ, "ತಾಕತ್ತಿದ್ರೆ ತೆಗಿ ನೋಡೋಣ, ಲಲ್ಲಾ ತಾಮೂ!" ಎಂದು ದೊಡ್ಡ ಯಜಮಾನಿಯನ್ನು ಕರೆದ ಹಾಗೆ ಕರೆದು ನಗುತ್ತಿದ್ದರು. ತೀರಿಕೊಳ್ಳುವ ಹಿಂದಿನ ದಿನ ಅವರು ಬಿಗಿದಿಟ್ಟದ್ದು ಈ ಜಾಡಿ. ಕೈ ಅಷ್ಟು ಗಟ್ಟಿಯಾಗಿತ್ತು. ಹೃದಯ ಮಾತ್ರ ಮಾತು ಕೇಳಲಿಲ್ಲ.

ನಿನ್ನೆ ಪಕ್ಕದ ಮನೆಯ ಮೀಲೂದ್ "ಕೊಡಿ ಚಿಕ್ಕಮ್ಮ, ನಾನ್ ತೆಗೀತೀನಿ" ಎಂದು ಮುಚ್ಚಳಕ್ಕೆ ಕೈ ಹಾಕಿದ. ಕಿತ್ತುಕೊಂಡು ಎದೆಗವಚಿಕೊಂಡೆ. ಪಾಪ, ಹೆದರಿಬಿಟ್ಟ.

ಭಾನುವಾರ ಬರುವಾಗ ನಿಮ್ಮ ಮನೆಯ ಉಪ್ಪುನಿಂಬೆ ಎರಡು ತೆಗೆದುಕೊಂಡು ಬಾ. ಕೋಳಿಸಾರಿಗೆ ಬೇಕು.

ನಿನ್ನ ಅಮ್ಮ,
ತಾಮೂ