ಸಂತ ಲೂಚಿಯಾಳ ಅಂಗಿಯ ಸುಟ್ಟ ಕಲೆ

ತೂರಿನ್, ಮಂಗಳವಾರ

ಫಿಲೋಮೆನಕ್ಕಾ,

ಈ ಕಾರ್ಡನ್ನು ಲಕೋಟೆಯೊಳಗಿಟ್ಟು ಕಳಿಸುತ್ತಿದ್ದೇನೆ, ಯಾಕೆಂದರೆ ನಮ್ಮೂರ ಅಂಚೆಯವನು ನಮ್ಮ ಚರ್ಚಿನ ಪಾದ್ರಿ ಎಜಿದಿಯೊ ಅವರ ತಮ್ಮ. ನಮ್ಮ ಹಳ್ಳಿಮಾತಿಗೆ ಇಲ್ಲಿಯವರು ನಗುತ್ತಾರೆಂದು ನೀನು ಶುದ್ಧ ಇಟಾಲಿಯನ್ನಿನಲ್ಲಿ ಬರೆದುಕೊಟ್ಟ ಮೂರೂ ಪ್ರಶ್ನೆಗಳನ್ನು ಚಿತ್ರಶಾಲೆಯಲ್ಲಿ ಕೇಳಿದೆ. ನಾವು ಕೇಳಿದ್ದ ಸುದ್ದಿ ನಿಜ. ಅಲ್ಲಿರುವುದು ನಮ್ಮ ಚರ್ಚಿನಿಂದ ಕಳುವಾದ ಸಂತ ಲೂಚಿಯಾಳ ಚಿತ್ರವೇ. ನಿನ್ನ ಜ್ಞಾನಸ್ನಾನದ ದಿನ ಅಮ್ಮನ ಮೇಣದಬತ್ತಿ ತಗುಲಿ ಸುಟ್ಟ ಕಲೆ ಅಂಗಿಯ ಅಂಚಿನಲ್ಲಿ ಹಾಗೇ ಇದೆ.

"ಸ್ಕೂಸಿ, ಕ್ಷಮಿಸಿ, ಇದನ್ನು ಬರೆದವರು ಯಾರು?"

"ಯಾರಿಗೊತ್ತು," ಎಂದ ಕಾವಲಿನವನು.

"ಯಾವ ಕಾಲದ್ದು?"

"ಮುನ್ನೂರು ವರ್ಷ ಆಗಿರ್ಬೇಕು. ಹಗ್ಗ ದಾಟ್ಬೇಡಿ ಯಜಮಾನ್ರೇ, ಮೂಗು ತಾಗಿಸ್ಬಿಡ್ತೀರ."

"ಇಲ್ಲಿಗೆ ಎಲ್ಲಿಂದ ಬಂತು?"

"ದಕ್ಷಿಣದ ಯಾರೋ ಪಾದ್ರಿ ಎಜಿದಿಯೊ ಅಂತೆ, ಅವರು ಮಾರಿದ್ದು. ಪಕ್ಕದ ಫಲಕದಲ್ಲೇ ಬರ್ದಿದ್ಯಲ್ಲ, ಕಣ್ಣು ಕಾಣಲ್ವಾ?"

ನನ್ನ ಕೆಮ್ಮು ಇಳಿದಿದೆ, ಚಿಂತೆ ಬೇಡ. ಕಾರ್ಡಿನ ಆ ಬದಿಯಲ್ಲಿರುವುದು ಅದೇ ಚಿತ್ರ, ಕಲೆ ನೋಡಿಕೋ. ಸದ್ಯಕ್ಕೆ ಯಾರಿಗೂ ಹೇಳಬೇಡ. ಭಾನುವಾರ ಎಂದಿನಂತೆ ಖಾಲಿ ಚೌಕಟ್ಟಿನ ಮುಂದೆ ಪಾದ್ರಿ ಕಳ್ಳನಿಗೆ ಶಾಪ ಹಾಕಿಸುತ್ತಾರಲ್ಲ, ಆಗ ಮೊದಲ ಸಾಲಿನಲ್ಲಿ ನಿಂತು, ಅವರ ಮುಖವನ್ನೇ ನೋಡುತ್ತಾ, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನು.

ದೊನಾತೊ